ಸಂಕೇತರಹಿತ ಆರ್‌ಎನ್‌ಎ ಮತ್ತು ಕ್ಯಾನ್ಸರ್ ಸಂಶೋಧನೆ

ಜೀವಕೋಶದೊಳಗೆ ಡಿಎನ್‌ಎಯಿಂದ ನಕಲಾಗುವ ಆರ್‌ಎನ್‌ಎಗಳಲ್ಲಿ ಎರಡು ಬಗೆ. ಪ್ರೋಟೀನು ಕಟ್ಟುವ ವಿಧಿಯನ್ನು ಹೊತ್ತುಕೊಂಡು ಹೋಗುವ ಸಂದೇಶವಾಹಕ ಆರ್‌ಎನ್‌ಎ ಒಂದು ಬಗೆಯದು. ಇನ್ನೊಂದು ಬಗೆಯದರಲ್ಲಿ ಅಂಥ ವಿಧಿಯೇ ಇರುವುದಿಲ್ಲ. ಅದು ಯಾರ ಚೀಟಿಯನ್ನೂ ಒಯ್ಯದೆ ತಾನೇ ಕೆಲಸಕ್ಕೆ ಇಳಿಯುತ್ತದೆ. ಈ ಎರಡನೆಯ ಗುಂಪಿಗೆ ಸಂಕೇತರಹಿತ ಆರ್‌ಎನ್‌ಎ ಎಂದು ಹೆಸರು. ಕ್ಯಾನ್ಸರ್ ಜೀವವಿಜ್ಞಾನದಲ್ಲಿ ಇದರಷ್ಟು ಆಸೆ ಹುಟ್ಟಿಸಿದ ವಿಷಯಗಳು ಕಡಿಮೆ, ಇದರಷ್ಟು ಕಳೆ ಬೆಳೆದ ವಿಷಯಗಳೂ ಕಡಿಮೆ. ಗಡ್ಡೆಯಲ್ಲಿ ಯಾವುದೋ ಒಂದು ಆರ್‌ಎನ್‌ಎ ಹೆಚ್ಚಿದೆ ಎಂದು ತೋರಿಸುವುದು ಸುಲಭ. ಅದನ್ನು ತೆಗೆದುಹಾಕಿದರೆ ರೋಗ ಏನಾಗುತ್ತದೆ ಎಂದು ತೋರಿಸುವುದು ವರ್ಷಗಟ್ಟಲೆಯ ಕೆಲಸ. ಈ ಕ್ಷೇತ್ರದ ಸೋಲು ಗೆಲುವುಗಳಲ್ಲಿ ಹೆಚ್ಚಿನವು ಈ ಅಂತರದಲ್ಲೇ ನಡೆದಿವೆ.

ಮನುಷ್ಯನ ಜೀನೋಮಿನಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಪ್ರೋಟೀನಿಗೆ ನೇರವಾಗಿ ಸಂಕೇತ ಕೊಡುವ ಭಾಗ ಅದರಲ್ಲಿ ನೂರಕ್ಕೆ ಎರಡನ್ನೂ ಮುಟ್ಟುವುದಿಲ್ಲ. ಮಿಕ್ಕದ್ದರ ಬಹುಭಾಗಕ್ಕೆ ‘ಜಂಕ್ ಡಿಎನ್‌ಎ’ ಎಂಬ ಹೆಸರು ಅಂಟಿದ್ದು 1972ರಲ್ಲಿ, ಸುಸುಮು ಓನೊ ಅವರ ಲೇಖನದಿಂದ. ನಲವತ್ತು ವರ್ಷಗಳ ಬಳಿಕ, 2012ರಲ್ಲಿ, ಎನ್‌ಕೋಡ್ ಎಂಬ ಅಂತರರಾಷ್ಟ್ರೀಯ ಯೋಜನೆಯು ಜೀನೋಮಿನ ಮುಕ್ಕಾಲು ಪಾಲು ಒಂದಲ್ಲ ಒಂದು ಜೀವಕೋಶದಲ್ಲಿ ಆರ್‌ಎನ್‌ಎ ಆಗಿ ನಕಲಾಗುತ್ತದೆ ಎಂದು ವರದಿ ಮಾಡಿತು. ಶೇ 80ರಷ್ಟು ಭಾಗಕ್ಕೆ ‘ಕಾರ್ಯ’ ಇದೆ ಎಂದೂ ಹೇಳಿಬಿಟ್ಟಿತು. ವಿಕಾಸವಾದಿಗಳು ಸಿಡಿದೆದ್ದರು. ಗಿರಣಿಯಿಂದ ಅಕ್ಕಿಯ ಜೊತೆ ಹೊಟ್ಟೂ ಹೊರಬೀಳುತ್ತದೆ, ಹೊರಬಿದ್ದದ್ದೆಲ್ಲ ಊಟಕ್ಕೆ ಬರುವುದಿಲ್ಲ ಎಂಬುದು ಅವರ ಆಕ್ಷೇಪದ ಸಾರ. ಆ ವಾದ ಇವತ್ತಿಗೂ ಪೂರ್ತಿ ತಣ್ಣಗಾಗಿಲ್ಲ. ಕ್ಯಾನ್ಸರಿನ ವಿಷಯ ಓದುವವರು ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಹಳೆಯ ಪರಿಚಿತರು ಈ ಗುಂಪಿನಲ್ಲೇ ಇದ್ದಾರೆ. ಪ್ರೋಟೀನು ಕಟ್ಟುವ ಯಂತ್ರವಾದ ರೈಬೋಸೋಮಿನ ಆರ್‌ಎನ್‌ಎ, ಅಲ್ಲಿಗೆ ಅಮೈನೋ ಆಮ್ಲ ಒದಗಿಸುವ ಟಿ-ಆರ್‌ಎನ್‌ಎ, ಸಂದೇಶವನ್ನು ಕತ್ತರಿಸಿ ಜೋಡಿಸುವ ಕೆಲಸದಲ್ಲಿರುವ ಪುಟ್ಟ ಯು1 ಆರ್‌ಎನ್‌ಎ ಇವೆಲ್ಲ ದಶಕಗಳಿಂದ ಪಠ್ಯಪುಸ್ತಕದಲ್ಲಿವೆ. ಕ್ಯಾನ್ಸರ್ ಸಂಶೋಧಕರ ಗಮನ ಸೆಳೆದ ಹೊಸಬರಲ್ಲಿ ಮೂರು ಮುಖ್ಯ: ಸುಮಾರು 22 ಅಕ್ಷರಗಳ ಮೈಕ್ರೋಆರ್‌ಎನ್‌ಎ, 200 ಅಕ್ಷರಗಳಿಗಿಂತ ಉದ್ದವಾದ ದೀರ್ಘ ಸಂಕೇತರಹಿತ ಆರ್‌ಎನ್‌ಎ, ಎರಡೂ ತುದಿ ಬೆಸೆದು ಬಳೆಯಂತಾದ ವೃತ್ತಾಕಾರದ ಆರ್‌ಎನ್‌ಎ. 200 ಎಂಬ ಗಡಿ ಪ್ರಕೃತಿ ಹಾಕಿದ್ದಲ್ಲ, ಪ್ರಯೋಗಾಲಯದ ಅನುಕೂಲಕ್ಕೆ ಹಾಕಿಕೊಂಡದ್ದು.

ಕಥೆ ಶುರುವಾಗುವುದು ಕ್ಯಾನ್ಸರಿನಿಂದ ಬಲು ದೂರದಲ್ಲಿ, ಒಂದು ಮಿಲಿಮೀಟರ್ ಉದ್ದದ ಪಾರದರ್ಶಕ ಹುಳದಲ್ಲಿ. ಸೀನೋರ್ಹ್ಯಾಬ್ಡೈಟಿಸ್ ಎಲೆಗನ್ಸ್ ಎಂಬ ಈ ದುಂಡುಹುಳದ ಒಂದು ವಿಕೃತ ತಳಿಯಲ್ಲಿ ಲಿನ್-4 ಎಂಬ ಜೀನು ಕೆಟ್ಟಿತ್ತು. ಆ ಹುಳ ದೊಡ್ಡದಾಗುತ್ತಿತ್ತು, ಪ್ರೌಢವಾಗುತ್ತಿರಲಿಲ್ಲ. ಮರಿಹುಳದ ಹಂತದ ಕೆಲಸಗಳನ್ನೇ ಮತ್ತೆ ಮತ್ತೆ ಮಾಡುತ್ತಿತ್ತು. ಮೊಟ್ಟೆ ಇಡುವ ದ್ವಾರ ಮೂಡದೆ ಮೊಟ್ಟೆಗಳೆಲ್ಲ ಹೊಟ್ಟೆಯಲ್ಲೇ ತುಂಬಿಕೊಳ್ಳುತ್ತಿದ್ದವು. ಎಂಐಟಿಯಲ್ಲಿ ರಾಬರ್ಟ್ ಹಾರ್ವಿಟ್ಜ್ ಅವರ ಬಳಿ ಒಟ್ಟಿಗಿದ್ದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕುನ್ ಆಮೇಲೆ ಬೇರೆ ಬೇರೆ ಪ್ರಯೋಗಾಲಯ ಕಟ್ಟಿಕೊಂಡರು. ಆಂಬ್ರೋಸ್ ಲಿನ್-4ರ ಬೆನ್ನು ಹತ್ತಿದರು. ರುವ್ಕುನ್ ಅವರ ಪಾಲಿಗೆ ಬಂದದ್ದು ಅದಕ್ಕೆ ಎದುರಾಳಿಯಾದ ಲಿನ್-14.

ಆಂಬ್ರೋಸ್ ತಂಡ ಲಿನ್-4 ಜೀನನ್ನು ಹುಡುಕುತ್ತ ಹುಡುಕುತ್ತ ಡಿಎನ್‌ಎಯ ಎಷ್ಟು ಚಿಕ್ಕ ತುಣುಕಿಗೆ ಬಂದು ನಿಂತಿತೆಂದರೆ, ಅದರಲ್ಲಿ ಪ್ರೋಟೀನಿಗೆ ಜಾಗವೇ ಇರಲಿಲ್ಲ. ಅಲ್ಲಿಂದ ಹೊರಬರುತ್ತಿದ್ದದ್ದು 22 ಅಕ್ಷರಗಳ ಒಂದು ಆರ್‌ಎನ್‌ಎ, ಅಷ್ಟೆ. ಎರಡೂ ತಂಡಗಳು ತಮ್ಮ ತಮ್ಮ ಅಕ್ಷರಸಾಲುಗಳನ್ನು ಪರಸ್ಪರ ಹಂಚಿಕೊಂಡು ಪಕ್ಕಪಕ್ಕ ಇಟ್ಟು ನೋಡಿದಾಗ ಗುಟ್ಟು ಬಯಲಾಯಿತು. ಲಿನ್-14ರ ಸಂದೇಶವಾಹಕ ಆರ್‌ಎನ್‌ಎಯ ಬಾಲದಲ್ಲಿ ಲಿನ್-4ಕ್ಕೆ ಜೋಡಿಯಾಗಬಲ್ಲ ಅಕ್ಷರಗಳು ಒಂದೆಡೆಯಲ್ಲ, ಹಲವೆಡೆ ಇದ್ದವು. ಪುಟ್ಟ ಆರ್‌ಎನ್‌ಎ ಅಲ್ಲಿ ಹೋಗಿ ಅಂಟಿ ಪ್ರೋಟೀನು ತಯಾರಾಗುವುದನ್ನು ತಡೆಯುತ್ತಿತ್ತು. 1993ರ ಡಿಸೆಂಬರಿನಲ್ಲಿ ‘ಸೆಲ್’ ಪತ್ರಿಕೆಯಲ್ಲಿ ಎರಡು ಪ್ರಬಂಧಗಳು ಒಟ್ಟಿಗೆ ಬಂದವು. ಜಗತ್ತು ಹೆಚ್ಚು ತಲೆಕೆಡಿಸಿಕೊಳ್ಳಲಿಲ್ಲ. ಹುಳದ ಮನೆವಾರ್ತೆ ಎಂದುಕೊಂಡಿತು. 2000ದಲ್ಲಿ ರುವ್ಕುನ್ ತಂಡ ಲೆಟ್-7 ಎಂಬ ಇನ್ನೊಂದನ್ನು ಕಂಡು, ಅದೇ ಅಕ್ಷರಸಾಲು ನೊಣದಲ್ಲೂ ಮನುಷ್ಯನಲ್ಲೂ ಇದೆ ಎಂದು ತೋರಿಸಿದ ಮೇಲೆಯೇ ಎಲ್ಲರೂ ಎಚ್ಚೆತ್ತದ್ದು. ಇಬ್ಬರಿಗೂ ವೈದ್ಯಕೀಯ ನೊಬೆಲ್ ಬಂದದ್ದು 2024ರಲ್ಲಿ, ಮೊದಲ ಪ್ರಬಂಧಗಳು ಬಂದು 31 ವರ್ಷಗಳಾದ ಮೇಲೆ.

ಮೈಕ್ರೋಆರ್‌ಎನ್‌ಎ ಹುಟ್ಟುವ ರೀತಿ ಈಗ ಚೆನ್ನಾಗಿ ಗೊತ್ತಿದೆ. ಮೊದಲು ತಲೆಪಿನ್ನಿನಂತೆ ಮಡಚಿಕೊಂಡ ಉದ್ದದ ಎಳೆಯೊಂದು ನಕಲಾಗುತ್ತದೆ. ಕೋಶಕೇಂದ್ರದಲ್ಲೇ ಡ್ರೋಶಾ ಎಂಬ ಕಿಣ್ವ ಅದನ್ನು ಒಮ್ಮೆ ಕತ್ತರಿಸುತ್ತದೆ, ಹೊರಗೆ ಬಂದ ಮೇಲೆ ಡೈಸರ್ ಎಂಬ ಇನ್ನೊಂದು ಕಿಣ್ವ ಮತ್ತೊಮ್ಮೆ. ಉಳಿದ ತುಂಡು ಆರ್ಗೊನಾಟ್ ಎಂಬ ಪ್ರೋಟೀನಿನ ತೋಳಿಗೆ ಸೇರುತ್ತದೆ. ಆಮೇಲೆ ಇವೆರಡೂ ಸೇರಿ ಗುರಿ ಹುಡುಕುತ್ತವೆ. ತುಂಡಿನ ಎರಡನೆಯದರಿಂದ ಎಂಟನೆಯದರವರೆಗಿನ ಏಳು ಅಕ್ಷರಗಳು ಹೊಂದಿಕೊಂಡರೆ ಬಹುಮಟ್ಟಿಗೆ ಸಾಕು. ಏಳೇ ಅಕ್ಷರ ಸಾಕಾಗುವುದರಿಂದ ಒಂದೊಂದು ಮೈಕ್ರೋಆರ್‌ಎನ್‌ಎಗೆ ನೂರಾರು ಗುರಿಗಳು. ಚಿಕಿತ್ಸೆಯ ಕಡೆಯಿಂದ ನೋಡಿದರೆ ಆಸೆ ಹುಟ್ಟಿದ್ದೂ ಇಲ್ಲಿಯೇ, ಎಡವಿದ್ದೂ ಇಲ್ಲಿಯೇ.

ಕ್ಯಾನ್ಸರಿಗೆ ಮೈಕ್ರೋಆರ್‌ಎನ್‌ಎಯ ಗಂಟು ಬಿದ್ದದ್ದು 2002ರಲ್ಲಿ. ದೀರ್ಘಕಾಲಿಕ ಲಿಂಫೋಸೈಟಿಕ್ ಲ್ಯುಕೀಮಿಯಾ ವಯಸ್ಸಾದವರಲ್ಲಿ ನಿಧಾನವಾಗಿ ಬೆಳೆಯುವ ರಕ್ತದ ಕ್ಯಾನ್ಸರ್. ಈ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಕ್ಯಾನ್ಸರ್ ಕೋಶಗಳಲ್ಲಿ 13ನೆಯ ವರ್ಣತಂತುವಿನ ಒಂದೇ ಜಾಗ ಕಳಚಿಹೋಗಿರುತ್ತದೆ. ಅಷ್ಟು ಜನರಲ್ಲಿ ಅದೇ ತುಣುಕು ಕಾಣೆಯಾಗಿದ್ದರೆ ಅಲ್ಲಿ ಕ್ಯಾನ್ಸರನ್ನು ತಡೆಯುವ ಜೀನು ಇರಲೇಬೇಕು ಎಂದು ಹಲವು ಪ್ರಯೋಗಾಲಯಗಳು ವರ್ಷಗಟ್ಟಲೆ ಸೋಸಿದವು. ಸಿಕ್ಕಿದ ಪ್ರೋಟೀನು ಜೀನುಗಳಾವುವೂ ಕಾರಣವಾಗಿರಲಿಲ್ಲ. ಫಿಲಡೆಲ್ಫಿಯಾದ ಕಾರ್ಲೊ ಕ್ರೋಚೆ ಅವರ ಪ್ರಯೋಗಾಲಯದಲ್ಲಿ ಜಾರ್ಜ್ ಕೇಲಿನ್ ಮತ್ತು ಸಂಗಡಿಗರು ಕಳಚಿದ ಜಾಗವನ್ನು ಸುಮಾರು 30 ಸಾವಿರ ಅಕ್ಷರಗಳಷ್ಟಕ್ಕೆ ಕಿರಿದು ಮಾಡಿ ನೋಡಿದಾಗ ಅಲ್ಲಿ ಇದ್ದವು ಮಿರ್-15ಎ ಮತ್ತು ಮಿರ್-16-1 ಎಂಬ ಎರಡು ಮೈಕ್ರೋಆರ್‌ಎನ್‌ಎ ಜೀನುಗಳು. ಪರೀಕ್ಷಿಸಿದ ರೋಗಿಗಳಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಜನರಲ್ಲಿ ಅವು ಇಲ್ಲವಾಗಿದ್ದವು ಅಥವಾ ಕುಗ್ಗಿದ್ದವು.

ಅವು ಇಲ್ಲವಾದರೆ ಏನಾಗುತ್ತದೆ? 2005ರಲ್ಲಿ ಉತ್ತರದ ಒಂದು ಭಾಗ ಸಿಕ್ಕಿತು. ಬಿಸಿಎಲ್2 ಎಂಬ ಪ್ರೋಟೀನು ಜೀವಕೋಶ ಸಾಯದಂತೆ ಕಾಯುತ್ತದೆ. ಮಿರ್-15 ಮತ್ತು 16 ಅದನ್ನು ಹದ್ದುಬಸ್ತಿನಲ್ಲಿ ಇಡುತ್ತವೆ. ಕಾವಲು ಹೋದರೆ ಬಿಸಿಎಲ್2 ಉಕ್ಕುತ್ತದೆ, ಸಾಯಬೇಕಾದ ಬಿಳಿ ರಕ್ತಕಣ ಸಾಯುವುದಿಲ್ಲ. ರಿಕಾರ್ಡೊ ಡಾಲಾ-ಫವೇರಾ ಅವರ ತಂಡ 2010ರಲ್ಲಿ ಇಲಿಗಳಲ್ಲಿ ಇದೇ ಜಾಗವನ್ನು ಅಳಿಸಿದಾಗ ಆ ಇಲಿಗಳಿಗೂ ಮನುಷ್ಯನ ರೋಗವನ್ನೇ ಹೋಲುವ ಲ್ಯುಕೀಮಿಯಾ ಬಂತು. ರೋಗಿಯಲ್ಲಿ ಡಿಎನ್‌ಎಯೇ ಕಳಚಿದೆ, ಪ್ರಾಣಿಯಲ್ಲಿ ಕಳಚಿಸಿದರೆ ರೋಗ ಬರುತ್ತದೆ, ನಡುವಿನ ಕೊಂಡಿಯೂ ತಿಳಿದಿದೆ. ಸಾಕ್ಷ್ಯ ಎಂದರೆ ಇದು. ಬಿಸಿಎಲ್2ಅನ್ನು ನೇರವಾಗಿ ಕಟ್ಟಿಹಾಕುವ ವೆನೆಟೋಕ್ಲ್ಯಾಕ್ಸ್ ಮಾತ್ರೆಗೆ ಅಮೆರಿಕದಲ್ಲಿ 2016ರಲ್ಲಿ ಇದೇ ರೋಗಕ್ಕಾಗಿ ಅನುಮತಿ ಸಿಕ್ಕಿತು. ಆ ಮಾತ್ರೆ ಮೈಕ್ರೋಆರ್‌ಎನ್‌ಎ ಸಂಶೋಧನೆಯಿಂದ ಹುಟ್ಟಿದ್ದಲ್ಲ, ಆದರೆ ಅದು ಈ ರೋಗದಲ್ಲಿ ಅಷ್ಟು ಚೆನ್ನಾಗಿ ಏಕೆ ಕೆಲಸ ಮಾಡುತ್ತದೆ ಎಂಬುದಕ್ಕೆ ಕಳಚಿಹೋದ ಆ ತುಣುಕು ಒಂದು ವಿವರಣೆ.

ಆಮೇಲಿನ ಕೆಲವೇ ವರ್ಷಗಳು ಸುಗ್ಗಿಯಂತೆ ಕಳೆದವು. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಲೆಟ್-7 ಕುಗ್ಗಿರುತ್ತದೆ ಎಂದು 2004ರಲ್ಲಿ ಜಪಾನಿನಿಂದ ಸುದ್ದಿ ಬಂತು. ಅದು ರಾಸ್ ಎಂಬ ಕುಖ್ಯಾತ ಕ್ಯಾನ್ಸರ್ ಜೀನಿಗೆ ಕಡಿವಾಣ ಹಾಕುತ್ತದೆ ಎಂದು ಮರುವರ್ಷ ಫ್ರಾಂಕ್ ಸ್ಲ್ಯಾಕ್ ಅವರ ತಂಡ ತೋರಿಸಿತು. ಎದುರು ಬದಿಯ ಉದಾಹರಣೆಯೂ ಅದೇ ವರ್ಷ ಸಿಕ್ಕಿತು: 13ನೆಯ ವರ್ಣತಂತುವಿನಲ್ಲೇ ಇರುವ ಮಿರ್-17-92 ಎಂಬ ಗೊಂಚಲು ಹೆಚ್ಚಾದರೆ ಇಲಿಗಳಲ್ಲಿ ಲಿಂಫೋಮಾ ಎಂಬ ದುಗ್ಧಕೋಶಗಳ ಕ್ಯಾನ್ಸರ್ ಬೇಗ ಬರುತ್ತದೆ. ಅದಕ್ಕೆ ‘ಆಂಕೋಮಿರ್-1’ ಎಂದು ಅಡ್ಡಹೆಸರು ಬಿತ್ತು. ಸುಮಾರು ಇನ್ನೂರು ಮೈಕ್ರೋಆರ್‌ಎನ್‌ಎಗಳ ಏರಿಳಿತ ನೋಡಿ ಗಡ್ಡೆ ಯಾವ ಅಂಗದಲ್ಲಿ ಹುಟ್ಟಿತೆಂದು ಹೇಳಬಹುದು, ಸಾವಿರಾರು ಸಂದೇಶವಾಹಕಗಳನ್ನು ಅಳೆದರೂ ಅಷ್ಟು ಸ್ಪಷ್ಟವಾಗಿ ಹೇಳಲಾಗದು ಎಂಬ ಬಾಸ್ಟನ್ ತಂಡದ ಫಲಿತಾಂಶವೂ 2005ರದೇ.

ಮಿರ್-21ರ ಪ್ರಯೋಗವನ್ನು ಸ್ವಲ್ಪ ನಿಂತು ನೋಡಬೇಕು. ಬಹುತೇಕ ಎಲ್ಲ ಗಡ್ಡೆಗಳಲ್ಲೂ ಹೆಚ್ಚಿರುವ ಮೈಕ್ರೋಆರ್‌ಎನ್‌ಎ ಇದು. ಹೆಚ್ಚಿರುವುದು ಕಾರಣವೋ ಪರಿಣಾಮವೋ ಎಂಬ ಪ್ರಶ್ನೆಗೆ ಸ್ಲ್ಯಾಕ್ ತಂಡ ಒಂದು ಜಾಣ ಉಪಾಯ ಮಾಡಿತು. ಇಲಿಗಳ ಜೀನೋಮಿಗೆ ಮಿರ್-21ರ ಹೆಚ್ಚುವರಿ ಪ್ರತಿ ಸೇರಿಸಿ, ಅದಕ್ಕೊಂದು ಸ್ವಿಚ್ಚನ್ನೂ ಇಟ್ಟಿತು. ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯೋಟಿಕ್ ತಿನ್ನಿಸಿದರೆ ಸ್ವಿಚ್ಚು ಆಫ್. ಸ್ವಿಚ್ಚು ಆನ್ ಇದ್ದ ಇಲಿಗಳಲ್ಲಿ ಲಿಂಫೋಮಾ ಬೆಳೆಯಿತು. ಆಹಾರಕ್ಕೆ ಔಷಧಿ ಬೆರೆಸಿ ಆಫ್ ಮಾಡಿದಾಗ ಗಡ್ಡೆಗಳು ದಿನಗಳಲ್ಲೇ ಕರಗಿದವು. ಒಂದೇ ಒಂದು ಮೈಕ್ರೋಆರ್‌ಎನ್‌ಎ ಮೇಲೆ ಗಡ್ಡೆ ಪೂರ್ತಿ ಅವಲಂಬಿತವಾಗಬಹುದು ಎಂಬುದಕ್ಕೆ 2010ರ ಆ ಪ್ರಬಂಧ ಇಂದಿಗೂ ಮೊದಲು ನೆನಪಾಗುತ್ತದೆ. ಇಲಿಯಲ್ಲಿ ಅಷ್ಟು ಚೊಕ್ಕವಾಗಿ ನಡೆದದ್ದು ಮನುಷ್ಯನಲ್ಲಿ ನಡೆಯಲಿಲ್ಲ ಎಂಬುದು ಮುಂದಿನ ಮಾತು.

ಮೈಕ್ರೋಆರ್‌ಎನ್‌ಎ ತಯಾರಿಸುವ ಯಂತ್ರದ ಒಂದು ಭಾಗವೇ ಕೆಟ್ಟರೆ? ಆರು ವರ್ಷದೊಳಗಿನ ಮಕ್ಕಳ ಶ್ವಾಸಕೋಶದಲ್ಲಿ ಬರುವ ಪ್ಲೂರೋಪಲ್ಮನರಿ ಬ್ಲಾಸ್ಟೋಮಾ ಎಂಬ ಅಪರೂಪದ ಗಡ್ಡೆ ಕೆಲವು ಕುಟುಂಬಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಆ ಕುಟುಂಬಗಳಲ್ಲಿ ಕೆಟ್ಟಿರುವುದು ಡೈಸರ್ ಕಿಣ್ವದ ಜೀನು ಎಂದು 2009ರಲ್ಲಿ ಗೊತ್ತಾಯಿತು. ಈಗ ಇದನ್ನು ಡೈಸರ್1 ಸಿಂಡ್ರೋಮ್ ಎಂದೇ ಕರೆಯುತ್ತಾರೆ. ಅಂಥ ಮನೆಯಲ್ಲಿ ಹುಟ್ಟಿದ ಮಗುವಿಗೆ ಜೀನು ಪರೀಕ್ಷೆ ಮಾಡಿ, ದೋಷ ಇದ್ದರೆ ಎದೆಯ ಚಿತ್ರಣ ತೆಗೆದು ನಿಗಾ ಇಡುತ್ತಾರೆ. ಮಕ್ಕಳ ಮೂತ್ರಪಿಂಡದ ವಿಲ್ಮ್ಸ್ ಗಡ್ಡೆಯಲ್ಲಿ ಡ್ರೋಶಾ ಜೀನಿನ ದೋಷಗಳೂ ಸಿಕ್ಕಿವೆ. ಈ ಮಟ್ಟಿಗೆ ಸಂಕೇತರಹಿತ ಆರ್‌ಎನ್‌ಎಯ ಜ್ಞಾನ ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಬಂದು ಮುಟ್ಟಿದೆ, ಸದ್ದಿಲ್ಲದೆ. 2019ರಲ್ಲಿ ಪಠ್ಯಪುಸ್ತಕದ ಹಳಬನಾದ ಯು1 ಆರ್‌ಎನ್‌ಎಯ ಸರದಿ ಬಂತು. ಅದರ ಮೂರನೆಯ ಅಕ್ಷರ ಒಂದೇ ಬದಲಾದ ರೂಪಗಳು ಕೆಲವು ಮಿದುಳು ಗಡ್ಡೆ, ಯಕೃತ್ತಿನ ಕ್ಯಾನ್ಸರ್ ಮತ್ತು ಲ್ಯುಕೀಮಿಯಾಗಳಲ್ಲಿ ಸಿಕ್ಕವು. ಈ ಜೀನಿಗೆ ಜೀನೋಮಿನಲ್ಲಿ ಹಲವು ಪ್ರತಿಗಳಿವೆ; ಮೇಲಾಗಿ ಇದು ಪ್ರೋಟೀನು ಜೀನಲ್ಲ. ಆದ್ದರಿಂದ ಪ್ರೋಟೀನು ಭಾಗವನ್ನಷ್ಟೇ ಓದುವ ಪರೀಕ್ಷೆಗಳು ಅದನ್ನು ವರ್ಷಗಟ್ಟಲೆ ಹಾಯ್ದು ಹೋಗಿದ್ದವು.

ದೀರ್ಘ ಆರ್‌ಎನ್‌ಎಗಳ ಕಥೆ ಇಷ್ಟು ನೇರವಾಗಿಲ್ಲ. ಹೆಣ್ಣುಜೀವಿಯ ಎರಡು ಎಕ್ಸ್ ವರ್ಣತಂತುಗಳಲ್ಲಿ ಒಂದನ್ನು ಮೌನವಾಗಿಸುವ ಎಕ್ಸಿಸ್ಟ್ ಎಂಬ ದೀರ್ಘ ಆರ್‌ಎನ್‌ಎ 1991ರಿಂದ ಗೊತ್ತಿತ್ತು. ಇಲಿಗಳ ರಕ್ತಕೋಶಗಳಲ್ಲಿ ಅದನ್ನು ಅಳಿಸಿದರೆ ಹೆಣ್ಣಿಲಿಗಳಿಗೆ ರಕ್ತದ ಕ್ಯಾನ್ಸರ್ ಬರುತ್ತದೆ ಎಂದು 2013ರಲ್ಲಿ ಜೀನಿ ಲೀ ಅವರ ತಂಡ ಕಂಡಿತು. ಅದಕ್ಕೂ ಮೊದಲು, 2007ರಲ್ಲಿ, ಹೋವರ್ಡ್ ಚಾಂಗ್ ಅವರ ಪ್ರಯೋಗಾಲಯದಲ್ಲಿ ಜಾನ್ ರಿನ್ ಹಾಟೇರ್ ಎಂಬ ಇನ್ನೊಂದು ದೀರ್ಘ ಆರ್‌ಎನ್‌ಎಯನ್ನು ಪತ್ತೆ ಹಚ್ಚಿದರು. ಸ್ತನ ಕ್ಯಾನ್ಸರಿನಲ್ಲಿ ಹಾಟೇರ್ ಹೆಚ್ಚಿದ್ದರೆ ರೋಗ ಹರಡುವ ಸಾಧ್ಯತೆ ಹೆಚ್ಚು ಎಂಬ 2010ರ ಪ್ರಬಂಧ ದೊಡ್ಡ ಸುದ್ದಿಯಾಯಿತು. ಮುಂದೆ ಇಲಿಗಳಲ್ಲಿ ಅದನ್ನು ಅಳಿಸಿದ ಒಂದು ತಂಡಕ್ಕೆ ಅಸ್ಥಿಪಂಜರದಲ್ಲಿ ದೋಷ ಕಂಡರೆ, ಮತ್ತೆ ಪರಿಶೀಲಿಸಿದ ಇನ್ನೊಂದು ತಂಡಕ್ಕೆ ಹೇಳಿಕೊಳ್ಳುವಂಥದ್ದೇನೂ ಕಾಣಲಿಲ್ಲ.

ಇಂಥ ಜಗಳಗಳಲ್ಲಿ ಹೆಚ್ಚು ಪಾಠ ಕಲಿಸಿದ್ದು ಮ್ಯಾಲಟ್1. ಜರ್ಮನಿಯ ಮ್ಯೂನ್‌ಸ್ಟರ್‌ನಲ್ಲಿ 2003ರಲ್ಲಿ ಶ್ವಾಸಕೋಶದ ಆರಂಭಿಕ ಹಂತದ ಗಡ್ಡೆಗಳನ್ನು ಎರಡು ಗುಂಪು ಮಾಡಿ, ಮುಂದೆ ಹರಡಿದವು ಮತ್ತು ಹರಡದವುಗಳ ನಡುವಿನ ವ್ಯತ್ಯಾಸ ಹುಡುಕಿದಾಗ ಸಿಕ್ಕ ಆರ್‌ಎನ್‌ಎ ಇದು. ಎಂಟು ಸಾವಿರ ಅಕ್ಷರಗಳಷ್ಟು ಉದ್ದ, ಜೀವಕೋಶದಲ್ಲಿ ಹೇರಳ, ಸಸ್ತನಿಗಳಲ್ಲೆಲ್ಲ ಹೆಚ್ಚು ಬದಲಾಗದೆ ಉಳಿದುಬಂದಿದೆ. ಇಷ್ಟೆಲ್ಲ ಇದ್ದ ಮೇಲೆ ಅದಿಲ್ಲದೆ ಪ್ರಾಣಿ ಬದುಕುವುದೇ ಕಷ್ಟ ಎಂದು ಎಲ್ಲರೂ ಅಂದುಕೊಂಡಿದ್ದರು. 2012ರಲ್ಲಿ ಮೂರು ತಂಡಗಳು ಬೇರೆ ಬೇರೆಯಾಗಿ ಮ್ಯಾಲಟ್1 ಇಲ್ಲದ ಇಲಿಗಳನ್ನು ಸೃಷ್ಟಿಸಿದವು. ಇಲಿಗಳು ಆರಾಮಾಗಿದ್ದವು; ಹುಟ್ಟಿದವು, ಬೆಳೆದವು, ಮರಿ ಹಾಕಿದವು.

ಆರೋಗ್ಯವಂತ ಇಲಿಗೆ ಬೇಡವಾದದ್ದು ಗಡ್ಡೆಗೆ ಬೇಕಿರಬಹುದಲ್ಲ ಎಂಬ ಪ್ರಶ್ನೆ ಉಳಿದಿತ್ತು. ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನಲ್ಲಿ ಡೇವಿಡ್ ಸ್ಪೆಕ್ಟರ್ ಅವರ ಪ್ರಯೋಗಾಲಯ ಸ್ತನ ಕ್ಯಾನ್ಸರ್ ಬರುವ ಇಲಿಗಳಲ್ಲಿ ಮ್ಯಾಲಟ್1ಅನ್ನು ತೆಗೆದುನೋಡಿತು. ಗಡ್ಡೆ ಮೆತ್ತಗಾಯಿತು, ಶ್ವಾಸಕೋಶಕ್ಕೆ ಹರಡುವುದು ಕಡಿಮೆಯಾಯಿತು. 2016ರ ಆ ಪ್ರಬಂಧದ ಮೊದಲ ಲೇಖಕಿ ಗಾಯತ್ರಿ ಅರುಣ್. ಅವರು ದೀರ್ಘ ಆರ್‌ಎನ್‌ಎಯ ಕೆಲಸ ಕಲಿತದ್ದು ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ, ಎಂ.ಆರ್.ಎಸ್. ರಾವ್ ಅವರ ಪ್ರಯೋಗಾಲಯದಲ್ಲಿ. 2018ರಲ್ಲಿ ಹ್ಯೂಸ್ಟನ್‌ನ ಎಂ.ಡಿ. ಆ್ಯಂಡರ್ಸನ್ ಕ್ಯಾನ್ಸರ್ ಕೇಂದ್ರದ ಲೀ ಮಾ ತಂಡ ಅದೇ ಬಗೆಯ ಇಲಿಗಳಲ್ಲಿ, ಬೇರೆ ರೀತಿಯಲ್ಲಿ ಮ್ಯಾಲಟ್1ಅನ್ನು ನಿಲ್ಲಿಸಿ, ಪೂರ್ತಿ ವಿರುದ್ಧವಾದ ಫಲಿತಾಂಶ ಪ್ರಕಟಿಸಿತು: ಮ್ಯಾಲಟ್1 ಹೋದರೆ ಕ್ಯಾನ್ಸರ್ ಹೆಚ್ಚು ಹರಡುತ್ತದೆ, ಮರಳಿ ಕೊಟ್ಟರೆ ನಿಲ್ಲುತ್ತದೆ. ಒಬ್ಬರಿಗೆ ಕಳ್ಳ, ಇನ್ನೊಬ್ಬರಿಗೆ ಪೊಲೀಸ. ಆರ್‌ಎನ್‌ಎಯನ್ನು ನಾಶ ಮಾಡುವುದು ಬೇರೆ, ಅದು ಹುಟ್ಟುವ ಡಿಎನ್‌ಎಯನ್ನೇ ಕೊಯ್ಯುವುದು ಬೇರೆ. ಕೊಯ್ದಾಗ ಅಕ್ಕಪಕ್ಕದ ಜೀನುಗಳಿಗೂ ಪೆಟ್ಟು ಬೀಳಬಹುದು. ಪ್ರಯೋಗದ ವಿಧಾನ ಬದಲಾದರೆ ಉತ್ತರವೂ ಬದಲಾಗುವ ಜಾಗ ಇದು.

ವೃತ್ತಾಕಾರದ ಆರ್‌ಎನ್‌ಎಗಳದು ಇನ್ನೊಂದು ಪಾಡು. ಸಿಐಆರ್‌ಎಸ್-7 ಎಂಬ ಬಳೆಯ ಮೇಲೆ ಮಿರ್-7 ಅಂಟುವ 70ಕ್ಕೂ ಹೆಚ್ಚು ಜಾಗಗಳಿವೆ ಎಂದು 2013ರಲ್ಲಿ ಡೆನ್ಮಾರ್ಕ್ ಮತ್ತು ಜರ್ಮನಿಯ ತಂಡಗಳು ತೋರಿಸಿದವು. ಮಿರ್-7 ಕ್ಯಾನ್ಸರನ್ನು ತಡೆಯುವ ಮೈಕ್ರೋಆರ್‌ಎನ್‌ಎ. ಹಾಗಾದರೆ ಈ ಬಳೆ ಸ್ಪಂಜಿನಂತೆ ಅದನ್ನು ಹೀರಿ ಕ್ಯಾನ್ಸರಿಗೆ ದಾರಿ ಮಾಡಿಕೊಡುತ್ತಿರಬೇಕು! ಕರುಳಿನ ಗಡ್ಡೆಯ ಬಗ್ಗೆ ಇದೇ ಧಾಟಿಯ ಪ್ರಬಂಧಗಳು ಬಂದವು. ಗಡ್ಡೆಯ ತುಂಡನ್ನು ಅರೆದು ಅಳೆದಾಗ ಬಳೆ ಹೆಚ್ಚಿಗೆ ಸಿಗುತ್ತಿದ್ದದ್ದು ನಿಜವೇ. ಡೆನ್ಮಾರ್ಕಿನ ಆರ್ಹುಸ್‌ನವರು 2020ರಲ್ಲಿ ಅರೆಯುವ ಬದಲು ತೆಳುವಾದ ಹಾಳೆಯಂತೆ ಕೊಯ್ದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದಡಿ ನೋಡಿದರು. ಕ್ಯಾನ್ಸರ್ ಕೋಶಗಳಲ್ಲಿ ಬಳೆ ಇರಲೇ ಇಲ್ಲ. ಇದ್ದದ್ದು ಗಡ್ಡೆಯ ನಡುವೆ ಹೆಣೆದುಕೊಂಡಿರುವ ಸಾಧಾರಣ ಅಂಗಾಂಶದ ಕೋಶಗಳಲ್ಲಿ. ಇಲ್ಲದ ಕೋಶದೊಳಗೆ ಅದು ಮಿರ್-7ನ್ನು ಹೀರುವುದಾದರೂ ಹೇಗೆ?

ದೀರ್ಘ ಆರ್‌ಎನ್‌ಎಗಳಲ್ಲಿ ಎಷ್ಟು ನಿಜಕ್ಕೂ ಮುಖ್ಯ ಎಂಬುದಕ್ಕೆ ಒಂದು ಅಂದಾಜು ಸಿಕ್ಕಿದ್ದು 2017ರಲ್ಲಿ. ಕ್ಯಾಲಿಫೋರ್ನಿಯಾದ ಸಂಶೋಧಕರು ಜೀನೋಮಿನ ಬೇಕಾದ ಜಾಗಕ್ಕೆ ಗುರಿಯಿಡುವ ಕ್ರಿಸ್ಪರ್ ತಂತ್ರದಿಂದ 16,401 ದೀರ್ಘ ಆರ್‌ಎನ್‌ಎ ನೆಲೆಗಳನ್ನು ಒಂದೊಂದಾಗಿ ತಣ್ಣಗಾಗಿಸಿ, ಏಳು ಬಗೆಯ ಜೀವಕೋಶಗಳು ಬೆಳೆಯುತ್ತವೆಯೇ ಎಂದು ನೋಡಿದರು. ಬೆಳವಣಿಗೆಗೆ ಬೇಕಾದವು 499. ಅವುಗಳಲ್ಲೂ ಶೇ 89ರಷ್ಟು ಒಂದೇ ಒಂದು ಬಗೆಯ ಕೋಶಕ್ಕೆ ಮಾತ್ರ ಬೇಕಾದವು. ಕ್ಯಾನ್ಸರಿನ ಮಟ್ಟಿಗೆ ಈ ಎರಡನೆಯ ಅಂಕಿ ಬಹಳ ಮುಖ್ಯ. ಒಂದೇ ಬಗೆಯ ಕೋಶಕ್ಕೆ ಬೇಕಾದದ್ದನ್ನು ಹೊಡೆದರೆ ಮಿಕ್ಕ ದೇಹಕ್ಕೆ ತೊಂದರೆ ಕಡಿಮೆ.

ಕಳೆಯ ವಿಷಯಕ್ಕೂ ಬರಬೇಕು. ‘ಇಂಥ ಆರ್‌ಎನ್‌ಎ ಇಂಥ ಮೈಕ್ರೋಆರ್‌ಎನ್‌ಎಯನ್ನು ಹೀರಿ ಇಂಥ ಜೀನನ್ನು ಹೆಚ್ಚಿಸಿ ಇಂಥ ಕ್ಯಾನ್ಸರನ್ನು ಬೆಳೆಸುತ್ತದೆ’ ಎಂಬ ಒಂದೇ ಅಚ್ಚಿನ ಪ್ರಬಂಧಗಳು ರಾಶಿ ಬಿದ್ದಿವೆ. ನಾಲ್ಕು ಖಾಲಿ ಜಾಗಗಳಲ್ಲಿ ಹೆಸರು ತುಂಬಿದರೆ ಹೊಸ ಪ್ರಬಂಧ. ಹಣ ಪಡೆದು ಪ್ರಬಂಧ ತಯಾರಿಸಿಕೊಡುವ ‘ಪೇಪರ್ ಮಿಲ್’ಗಳಿಗೆ ಇದು ಹೇಳಿಮಾಡಿಸಿದ ವಸ್ತು. ಸಿಡ್ನಿಯ ಜೆನಿಫರ್ ಬರ್ನ್ ತಾವೇ ಹಿಂದೆ ಗುರುತಿಸುವುದರಲ್ಲಿ ಪಾಲ್ಗೊಂಡಿದ್ದ ಒಂದು ಜೀನಿನ ಬಗ್ಗೆ ಐದು ಪ್ರಬಂಧಗಳು ವಿಚಿತ್ರವಾಗಿ ಒಂದನ್ನೊಂದು ಹೋಲುವುದನ್ನು ಗಮನಿಸಿದರು. ಅದರಲ್ಲಿ ಬಳಸಿದ್ದೆಂದು ಹೇಳಿದ ಅಕ್ಷರಸಾಲುಗಳು ಆ ಜೀನಿಗೆ ಹೊಂದುತ್ತಿರಲಿಲ್ಲ. ಫ್ರಾನ್ಸಿನ ಕಂಪ್ಯೂಟರ್ ವಿಜ್ಞಾನಿ ಸಿರಿಲ್ ಲಾಬೆ ಜೊತೆ ಸೇರಿ ಇಂಥ ತಪ್ಪು ಸಾಲುಗಳನ್ನು ತಾನಾಗಿ ಹಿಡಿಯುವ ತಂತ್ರಾಂಶ ಕಟ್ಟಿದರು. ಅಂದಿನಿಂದ ಸಿಕ್ಕಿಬಿದ್ದವುಗಳಲ್ಲಿ ಸಂಕೇತರಹಿತ ಆರ್‌ಎನ್‌ಎಯ ಪ್ರಬಂಧಗಳಿಗೆ ದೊಡ್ಡ ಪಾಲು. ಮೈಕ್ರೋಆರ್‌ಎನ್‌ಎಗಳ ಪಟ್ಟಿಯ ಕಥೆಯೂ ಇದಕ್ಕೆ ದೂರವಲ್ಲ. ಬಹಳ ಬಳಕೆಯಲ್ಲಿರುವ ಪಟ್ಟಿಯಲ್ಲಿ ಮನುಷ್ಯನ ಹೆಸರಿಗೆ ಸುಮಾರು 1,900 ಜೀನುಗಳಿವೆ. ಕಟ್ಟುನಿಟ್ಟಾಗಿ ಜರಡಿ ಹಿಡಿದರೆ ಐದಾರು ನೂರು ಉಳಿಯುತ್ತವೆ.

ರೋಗಪತ್ತೆಯಲ್ಲಿ ಎರಡು ಪರೀಕ್ಷೆಗಳು ನಿಂತಿವೆ. ಮೊದಲನೆಯದು ಪ್ರಾಸ್ಟೇಟ್ ಗ್ರಂಥಿಯದು. 1999ರಲ್ಲಿ ನೆದರ್ಲೆಂಡ್ಸಿನ ನೈಮೇಖೆನ್ ಮತ್ತು ಅಮೆರಿಕದ ಸಂಶೋಧಕರು ವರದಿ ಮಾಡಿದ ಪಿಸಿಎ3 ಎಂಬ ದೀರ್ಘ ಆರ್‌ಎನ್‌ಎ 56 ಗಡ್ಡೆಗಳಲ್ಲಿ 53ರಲ್ಲಿ ವಿಪರೀತ ಹೆಚ್ಚಿತ್ತು. ಇತರ ಅಂಗಗಳಲ್ಲಿ ಸುಳಿವೇ ಇರಲಿಲ್ಲ. ಪರೀಕ್ಷೆ ಸರಳ. ವೈದ್ಯರು ಗುದದ್ವಾರದ ಮೂಲಕ ಬೆರಳಿನಿಂದ ಗ್ರಂಥಿಯನ್ನು ಒತ್ತುತ್ತಾರೆ, ಒಂದಿಷ್ಟು ಕೋಶಗಳು ಮೂತ್ರನಾಳಕ್ಕೆ ಉದುರುತ್ತವೆ, ತಕ್ಷಣ ಬರುವ ಮೊದಲ ಮೂತ್ರವನ್ನು ಹಿಡಿಯುತ್ತಾರೆ. ಅದರಲ್ಲಿ ಪಿಸಿಎ3ನ್ನು ಪಿಎಸ್‌ಎ ಎಂಬ ಪ್ರಾಸ್ಟೇಟ್ ಪ್ರೋಟೀನಿನ ಸಂದೇಶವಾಹಕ ಆರ್‌ಎನ್‌ಎಗೆ ಹೋಲಿಸಿ ಒಂದು ಅಂಕ ಕೊಡುತ್ತಾರೆ. ಒಮ್ಮೆ ಬಯಾಪ್ಸಿ ಮಾಡಿ ಕ್ಯಾನ್ಸರ್ ಕಾಣದಿದ್ದವರಿಗೆ ಮತ್ತೆ ಸೂಜಿ ಚುಚ್ಚಬೇಕೇ ಎಂದು ನಿರ್ಧರಿಸುವುದಕ್ಕೆ ಅಮೆರಿಕದ ಔಷಧಿ ನಿಯಂತ್ರಕ ಸಂಸ್ಥೆ ಎಫ್‌ಡಿಎ 2012ರಲ್ಲಿ ಇದಕ್ಕೆ ಅನುಮತಿ ನೀಡಿತು. ಎರಡನೆಯದು ವೃಷಣದ ಕ್ಯಾನ್ಸರಿನಲ್ಲಿ ರಕ್ತದಲ್ಲಿ ಹೆಚ್ಚುವ ಮಿರ್-371. 2019ರಲ್ಲಿ 616 ರೋಗಿಗಳನ್ನು ಪರೀಕ್ಷಿಸಿದ ಜರ್ಮನ್ ನೇತೃತ್ವದ ಅಧ್ಯಯನದಲ್ಲಿ ಅದು ನೂರರಲ್ಲಿ 90 ಗಡ್ಡೆಗಳನ್ನು ಹಿಡಿಯಿತು; ಹಳೆಯ ರಕ್ತಪರೀಕ್ಷೆಗಳು ಅರ್ಧಕ್ಕೂ ಬರುವುದಿಲ್ಲ. ಟೆರಟೋಮಾ ಎಂಬ ಒಂದು ಬಗೆಯನ್ನು ಮಾತ್ರ ಅದು ಕಾಣಲಾರದು.

ಕರ್ನಾಟಕದಲ್ಲಿ ಈ ಕೆಲಸಕ್ಕೆ ಹಳೆಯ ಬೇರಿದೆ. ಮೇಲೆ ಹೇಳಿದ ಎಂ.ಆರ್.ಎಸ್. ರಾವ್ ಅವರ ತಂಡ ಇಲಿಯಲ್ಲಿ ಎಂಆರ್‌ಎಚ್‌ಎಲ್ ಎಂಬ 2,400 ಅಕ್ಷರಗಳ ದೀರ್ಘ ಆರ್‌ಎನ್‌ಎಯನ್ನು ಕಂಡು, ಅದು ವೀರ್ಯಮೂಲ ಕೋಶಗಳಲ್ಲಿ ವಿಂಟ್ ಎಂಬ ಸಂಜ್ಞಾಮಾರ್ಗವನ್ನು ಹೇಗೆ ತಡೆಹಿಡಿಯುತ್ತದೆಂದು 2012ರಲ್ಲಿ ತೋರಿಸಿತು. ಕರುಳಿನ ಕ್ಯಾನ್ಸರಿನಲ್ಲಿ ಹದ ತಪ್ಪುವುದು ಇದೇ ಮಾರ್ಗ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕುಮಾರವೇಲ್ ಸೋಮಸುಂದರಂ ಅವರ ತಂಡ ಗ್ಲಿಯೋಬ್ಲಾಸ್ಟೋಮಾ ಎಂಬ ಮಿದುಳು ಗಡ್ಡೆಯ ರೋಗಿ ಎಷ್ಟು ಕಾಲ ಬದುಕಿಯಾರು ಎಂಬುದನ್ನು ಹತ್ತು ಮೈಕ್ರೋಆರ್‌ಎನ್‌ಎಗಳಿಂದ ಅಂದಾಜಿಸುವ ಸೂತ್ರವನ್ನು 2011ರಲ್ಲಿ ಪ್ರಕಟಿಸಿತು. ಅದೇ ಸಂಸ್ಥೆಯ ಅರುಣ್ ಕುಮಾರ್ ಅವರ ಪ್ರಯೋಗಾಲಯ ಬಾಯಿ ಕ್ಯಾನ್ಸರಿನ ಮೈಕ್ರೋಆರ್‌ಎನ್‌ಎಗಳ ಮೇಲೆ, ಮಣಿಪಾಲದ ಜೀವವಿಜ್ಞಾನ ವಿಭಾಗ ಗರ್ಭಕಂಠದ ಕ್ಯಾನ್ಸರಿನವುಗಳ ಮೇಲೆ ಕೆಲಸ ಮಾಡುತ್ತ ಬಂದಿವೆ. ತಂಬಾಕು ಅಗಿಯುವ ನಾಡಿನಲ್ಲಿ ಬಾಯಿ ಕ್ಯಾನ್ಸರನ್ನು ಆರಿಸಿಕೊಂಡದ್ದರಲ್ಲಿ ಅರ್ಥವಿದೆ. ಪಶ್ಚಿಮದ ಕಂಪನಿಗಳಿಗೆ ಅದು ದೊಡ್ಡ ಮಾರುಕಟ್ಟೆಯಲ್ಲ.

ಇನ್ನು ಔಷಧಿ. ಪಿ53 ಎಂಬ ಹೆಸರಾಂತ ಕ್ಯಾನ್ಸರ್ ತಡೆ ಪ್ರೋಟೀನು ತನ್ನ ಕೆಲಸಕ್ಕೆ ಮಿರ್-34ನ್ನು ಬಳಸಿಕೊಳ್ಳುತ್ತದೆ ಎಂದು 2007ರಲ್ಲಿ ಗೊತ್ತಾಗಿತ್ತು. ಆ ಮೈಕ್ರೋಆರ್‌ಎನ್‌ಎಯನ್ನೇ ಕೃತಕವಾಗಿ ತಯಾರಿಸಿ, ಕೊಬ್ಬಿನ ಗುಳ್ಳೆಯಲ್ಲಿ ತುಂಬಿ, ರೋಗಿಯ ನರಕ್ಕೆ ಹರಿಸುವ ಯೋಜನೆಯನ್ನು ಟೆಕ್ಸಾಸಿನ ಮಿರ್ನಾ ಥೆರಪ್ಯೂಟಿಕ್ಸ್ ಕೈಗೆತ್ತಿಕೊಂಡಿತು. ಎಂಆರ್‌ಎಕ್ಸ್34 ಎಂಬ ಆ ಔಷಧಿ 2013ರಲ್ಲಿ ಮೊದಲ ರೋಗಿಗೆ ಹೋಯಿತು. ಮನುಷ್ಯನ ಮೈಗೆ ಕ್ಯಾನ್ಸರಿಗಾಗಿ ಹೋದ ಮೊದಲ ಮೈಕ್ರೋಆರ್‌ಎನ್‌ಎ ಅದು. 85 ಮಂದಿಗೆ ಕೊಟ್ಟರು. ಕೆಲವರ ಗಡ್ಡೆ ಕುಗ್ಗಿತು. ಆದರೆ ರೋಗನಿರೋಧಕ ವ್ಯವಸ್ಥೆ ಕೆರಳಿ ತೀವ್ರ ತೊಂದರೆಗಳಾಗಿ ನಾಲ್ವರು ತೀರಿಕೊಂಡರು. 2016ರ ಸೆಪ್ಟೆಂಬರಿನಲ್ಲಿ ಪ್ರಯೋಗ ನಿಂತಿತು. ಆಸ್ಟ್ರೇಲಿಯಾದಲ್ಲಿ ಕಲ್ನಾರಿನ ಧೂಳಿನಿಂದ ಬರುವ ಮೀಸೋಥೀಲಿಯೋಮಾ ರೋಗಿಗಳಿಗೆ ಮಿರ್-16ನ್ನು ಬ್ಯಾಕ್ಟೀರಿಯಾದಿಂದ ತೆಗೆದ ಪುಟ್ಟ ಚೀಲಗಳಲ್ಲಿ ತುಂಬಿ ಕೊಟ್ಟರು. 2017ರಲ್ಲಿ ಫಲಿತಾಂಶ ಬಂದಾಗ ಲೆಕ್ಕಕ್ಕೆ ಸಿಕ್ಕ 22 ಮಂದಿಯಲ್ಲಿ ಒಬ್ಬರ ಗಡ್ಡೆ ಕುಗ್ಗಿತ್ತು, 15 ಮಂದಿಯದು ಇದ್ದ ಹಾಗೇ ಇತ್ತು. ಚರ್ಮದ ಲಿಂಫೋಮಾದಲ್ಲಿ ಮಿರ್-155ನ್ನು ತಡೆಯುವ ಕೋಬೋಮಾರ್ಸೆನ್‌ನ ಎರಡನೆಯ ಹಂತದ ಪ್ರಯೋಗವನ್ನು 2020ರಲ್ಲಿ ಕಂಪನಿಯೇ ಅರ್ಧಕ್ಕೆ ನಿಲ್ಲಿಸಿತು.

ತೊಡಕು ಎಲ್ಲಿ? ಬರಿಯ ಆರ್‌ಎನ್‌ಎ ರಕ್ತದಲ್ಲಿ ನಿಮಿಷಗಳಲ್ಲಿ ಚೂರಾಗುತ್ತದೆ. ರಕ್ಷಣೆಗೆ ಕವಚ ತೊಡಿಸಿದರೆ ಬಹುಪಾಲನ್ನು ಯಕೃತ್ತು ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದಲೇ 2018ರ ಪಟಿಸಿರಾನ್‌ನಿಂದ ಹಿಡಿದು ಪುಟ್ಟ ಆರ್‌ಎನ್‌ಎಯಿಂದ ಸಂದೇಶವಾಹಕವನ್ನು ತಡೆಯುವ ತಂತ್ರದ ಔಷಧಿಗಳೆಲ್ಲ ಯಕೃತ್ತಿನಲ್ಲಿ ತಯಾರಾಗುವ ಪ್ರೋಟೀನುಗಳ ರೋಗಗಳಿಗೆ ಬಂದವು, ಗಡ್ಡೆಗಳವರೆಗೆ ಬರಲಿಲ್ಲ. ಕೋಶದೊಳಕ್ಕೆ ಹೋದದ್ದರಲ್ಲೂ ಹೆಚ್ಚಿನದು ಕೋಶ ಅದನ್ನು ಒಳಗೆಳೆದುಕೊಂಡ ಚೀಲದೊಳಗೇ ಸಿಕ್ಕಿಕೊಳ್ಳುತ್ತದೆ. ಇಷ್ಟನ್ನೂ ದಾಟಿ ಬಂದ ಒಂದು ಮೈಕ್ರೋಆರ್‌ಎನ್‌ಎಗೆ ನೂರಾರು ಗುರಿಗಳಿದ್ದರೆ ವೈದ್ಯರಿಗೆ ಯಾವ ಪರಿಣಾಮ ಯಾವುದರಿಂದ ಬಂತು ಎಂದು ಹೇಳಲಾಗುವುದಿಲ್ಲ.

ಗೆದ್ದದ್ದು ಯಾರೂ ಈ ಪಟ್ಟಿಯಲ್ಲಿ ಎಣಿಸದಿದ್ದ ಒಂದು ಹಳೆಯ ಆರ್‌ಎನ್‌ಎ. ವರ್ಣತಂತುವಿನ ತುದಿಗಳು ಸವೆಯದಂತೆ ಕಾಯುವ ಟೆಲೋಮರೇಸ್ ಕಿಣ್ವವನ್ನು ಎಲಿಜಬೆತ್ ಬ್ಲ್ಯಾಕ್‌ಬರ್ನ್ ಮತ್ತು ಕ್ಯಾರಲ್ ಗ್ರೈಡರ್ 1980ರ ದಶಕದಲ್ಲಿ ಕೆರೆನೀರಿನ ಏಕಕೋಶಜೀವಿ ಟೆಟ್ರಹೈಮಿನಾದಲ್ಲಿ ಕಂಡರು. ಆ ಕಿಣ್ವದ ಹೊಟ್ಟೆಯಲ್ಲೇ ಒಂದು ಸಂಕೇತರಹಿತ ಆರ್‌ಎನ್‌ಎ ಇರುತ್ತದೆ. ತುದಿಗೆ ಸೇರಿಸಬೇಕಾದ ಅಕ್ಷರಗಳಿಗೆ ಅದೇ ಅಚ್ಚು. ನೂರರಲ್ಲಿ 85ಕ್ಕೂ ಹೆಚ್ಚು ಕ್ಯಾನ್ಸರ್‌ಗಳು ಸಾಯದೆ ಉಳಿಯಲು ಈ ಕಿಣ್ವವನ್ನು ಎಬ್ಬಿಸಿಕೊಂಡಿರುತ್ತವೆ. ಆ ಅಚ್ಚಿನ ಮೇಲೆಯೇ ಹೋಗಿ ಕೂರುವಂತೆ ಕಟ್ಟಿದ ಪುಟ್ಟ ಎಳೆ ಇಮೆಟೆಲ್‌ಸ್ಟಾಟ್. ರಕ್ತದ ಕ್ಯಾನ್ಸರ್‌ಗಳ ಸಾಲಿಗೆ ಸೇರುವ ಮೈಲೋಡಿಸ್‌ಪ್ಲಾಸ್ಟಿಕ್ ಸಿಂಡ್ರೋಮ್‌ನಲ್ಲಿ ಕೆಂಪು ರಕ್ತ ಕೊಡಿಸಿಕೊಳ್ಳುತ್ತಲೇ ಇರಬೇಕಾದ ರೋಗಿಗಳಿಗೆ ಅದನ್ನು ನಾಲ್ಕು ವಾರಕ್ಕೊಮ್ಮೆ ನರಕ್ಕೆ ಹರಿಸಿದಾಗ, ನೂರರಲ್ಲಿ 40 ಮಂದಿ ಕನಿಷ್ಠ ಎಂಟು ವಾರ ರಕ್ತ ಕೊಡಿಸಿಕೊಳ್ಳದೆ ಇದ್ದರು. ಹುಸಿಮದ್ದು ಪಡೆದವರಲ್ಲಿ 15. ಬಿಳಿ ರಕ್ತಕಣಗಳೂ ಪ್ಲೇಟ್‌ಲೆಟ್‌ಗಳೂ ಇಳಿಯುವುದರಿಂದ ಪದೇ ಪದೇ ರಕ್ತಪರೀಕ್ಷೆ ಬೇಕು. ಅಮೆರಿಕದ ಎಫ್‌ಡಿಎ 2024ರ ಜೂನ್ 6ರಂದು ಅನುಮತಿ ಕೊಟ್ಟಿತು. ಮನುಷ್ಯನ ಟೆಲೋಮರೇಸ್ ಆರ್‌ಎನ್‌ಎಯ ಉದ್ದ 451 ಅಕ್ಷರ. ಔಷಧಿ ಮುಚ್ಚುವುದು ಅದರಲ್ಲಿ 13 ಅಕ್ಷರಗಳನ್ನು.